ಜೋಳ ನಿಂತಿರುವ ತನಕ

ಮಾನ್ವಿಯಿಂದ ಬಂದ ಬಸ್ಸು ಹಿರೇಕೊಟ್ನೆಕಲ್ಲಿನಲ್ಲಿ ನಿಂತಾಗ ಬಸವಂತಮ್ಮ ಅಂಗಳದಲ್ಲಿ ಕೂತು ಮೊರದಲ್ಲಿ ಹೆಸರು ಹಸನು ಮಾಡುತ್ತಿದ್ದಳು. ಅಳಿಯ ಹಂಪಣ್ಣ ಟ್ರಂಕು ಹೊತ್ತುಕೊಂಡು ಮುಂದೆ ಬರುತ್ತಿದ್ದ, ಅವನ ಹಿಂದೆ ಮಗಳು ಗುರುಶಾಂತಮ್ಮ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಹೇಳಿ ಕಳಿಸಿದ್ದೂ ಇಲ್ಲ. ಪಂಚಮಿಗೆ ಬಂದಾಗ ಬಸ್ಸಿನಿಂದ ಇಳಿದವಳೇ ತವರಿನ ಹೊಸ್ತಿಲಿಗೆ ಓಡಿ ಬಂದಿದ್ದ ಹುಡುಗಿ, ಈಗ ಒಂದು ಕೈಯನ್ನು ಹೊಟ್ಟೆಗೆ ಆನಿಸಿಕೊಂಡು, ನೆಲ ನೋಡುತ್ತ, ತುಂಬಿದ ಕೊಡ ಹೊತ್ತವಳ ಹಾಗೆ ಹೆಜ್ಜೆ ಇಡುತ್ತಿದ್ದಳು.

ಎದುರು ಮನೆಯ ವೆಂಕಮ್ಮನ ಕಣ್ಣು ಮೊದಲು ಹೋದದ್ದು ಆ ಹೊಟ್ಟೆಗೆ.

“ಏನಬೇ ಬಸವಂತಮ್ಮ, ನಮಗೊಂದು ಮಾತು ಹೇಳಲಿಲ್ಲಲ್ಲ. ಎಷ್ಟರಾಗ ಅದಾಳ ಮಗಳು?”

“ಅದಲ್ಲಬೇ ಚಿಗವ್ವ,” ಎಂದಳು ಗುರುಶಾಂತಮ್ಮ. ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಯಾರದೋ ಸುದ್ದಿ ಹೇಳಿದ ಹಾಗಿತ್ತು.

ಹಂಪಣ್ಣ ಕೂಡಲಿಲ್ಲ. ನಿಂತೇ ನೀರು ಕುಡಿದು ಚರಿಗೆಯನ್ನು ಕೆಳಗಿಟ್ಟ. ರಾಯಚೂರಿನ ಅಕ್ಕಿ ಮಿಲ್ಲಿನಲ್ಲಿ ಚೀಲ ತೂಗುವ ಕೆಲಸ ಅವನದು. ಮಾತು ಕಡಿಮೆಯ ಹುಡುಗ, ಕೆಟ್ಟವನಲ್ಲ.

“ಅವ್ವ ಹೇಳ್ಯಾಳ್ರಿ ಅತ್ತಿ. ಹೊಟ್ಟಿ ನೆಟ್ಟಗ ಮಾಡಿ ಕಳಸ್ರಿ ಅಂತ. ಸುಗ್ಗಿ ಮುಗಿಯೂತನಕ ನೋಡ್ತೀವಿ ಅಂದಾಳ.”

“ಸುಗ್ಗಿ ಮುಗದ ಮ್ಯಾಲೂ ಹಿಂಗ ಇದ್ರ?”

ಹಂಪಣ್ಣ ತನ್ನ ಚಪ್ಪಲಿ ನೋಡಿದ. “ಆಮ್ಯಾಲ ಕಳಸೂದು ಬ್ಯಾಡ ಅಂದಾಳ್ರಿ.”

ಅವನು ಹೋದ ಮೇಲೆ ಬಸವಂತಮ್ಮ ಅಳಬೇಕಿತ್ತು. ಅಳು ಬರಲಿಲ್ಲ. ಮೊರದಲ್ಲಿ ಉಳಿದಿದ್ದ ಹೆಸರನ್ನು ಕಲ್ಲು ಆರಿಸಿ ಮುಗಿಸಿದಳು, ಡಬ್ಬಿಗೆ ಸುರಿದಳು, ಮುಚ್ಚಳ ಹಾಕಿದಳು. ಆಮೇಲೆ ಬಚ್ಚಲ ಹಂಡೆಗೆ ಉರಿ ಹಚ್ಚಿ ಮಗಳಿಗೆ ನೀರು ಹಾಕಲು ಕೂಡಿಸಿದಳು.

ಹೊಟ್ಟೆ ಬಿಗಿದ ಮೂಟೆಯ ಹಾಗಿತ್ತು. ಎದೆಯ ಎಲುಬು ಕಾಣುತ್ತಿದ್ದವು, ತೋಳು ಸೊರಗಿದ್ದವು, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಮುಂಗೈ ತುಂಬ ಹಸಿರು ಬಳೆ.

“ಇವು ಯಾಕ ತೊಡಿಸ್ಯಾರ?”

“ಕಳ್ಳಕುಬಸ ಮಾಡಿದ್ರು.”

ಬಸವಂತಮ್ಮ ನೀರು ಹಾಕುವ ಕೈ ನಿಲ್ಲಿಸಿದಳು. ಹೊಸ ಬಸುರಿಗೆ, ಊರಿಗೆಲ್ಲ ಸಾರುವ ಮುಂಚೆ, ಓಣಿಯ ನಾಲ್ಕು ಹೆಂಗಸರನ್ನಷ್ಟೇ ಕರೆದು ಮಾಡುವ ಶಾಸ್ತ್ರ ಅದು. ಗುರುಶಾಂತಮ್ಮ ಗೋಡೆ ನೋಡುತ್ತ ಹೇಳಿದಳು. ಉಂಡದ್ದು ವಾಂತಿಯಾಗುತ್ತಿತ್ತು. ಅನ್ನ ಕಂಡರೆ ಆಗುತ್ತಿರಲಿಲ್ಲ. ತಿಂಗಳ ಮುಟ್ಟು ತಪ್ಪಿತ್ತು. ಹೊಟ್ಟೆ ಬೇರೆ ಉಬ್ಬುತ್ತ ಬಂತು. ಅತ್ತೆ ಶಿವಬಸಮ್ಮ ಲೆಕ್ಕ ಹಾಕಿದಳು, ಓಣಿಗೆ ಸಕ್ಕರೆ ಹಂಚಿದಳು, ಹಸಿರು ಬಳೆ ತೊಡಿಸಿದಳು, ಬಸುರಿ ಹೆಂಗಸಿಗೆ ಗಾಳಿ ಸೋಕುತ್ತದೆ ಅಂತ ಸಂಜೆ ಹೊರಗೆ ಹೋಗುವುದನ್ನು ಬಿಡಿಸಿದಳು. ಆಮೇಲೆ ಒಂದು ಬೆಳಗ್ಗೆ ಮುಟ್ಟಾಯಿತು. ಓಣಿಗೆಲ್ಲ ಗೊತ್ತಾಯಿತು. ಅತ್ತೆ ಮೂರು ದಿನ ಬಾಗಿಲಿಗೆ ಬರಲಿಲ್ಲ. ನಾಲ್ಕನೆಯ ದಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು.

“ಏನಂದ್ರು ಡಾಕ್ಟರಮ್ಮ?”

“ಕೂಸೂ ಇಲ್ಲ, ಗಡ್ಡಿನೂ ಇಲ್ಲ, ಬರೇ ಮಲ ಅಂದ್ರು. ಕಲ್ಲಾಗಿ ಕುಂತದ ಅಂತ. ಎನಿಮಾ ಕೊಟ್ರು. ನೀರು ಕುಡಿ ಅಂದ್ರು. ಬರೇ ಅನ್ನ ಬ್ಯಾಡ, ರೊಟ್ಟಿ ತಿನ್ನು, ತೊಪ್ಪಲಪಲ್ಯ ತಿನ್ನು ಅಂದ್ರು. ದಿನಾ ಉಂಡ ಮ್ಯಾಲ ಹೋಗಿ ಕುಂದ್ರು, ಬಂದಾಗ ತಡೀಬ್ಯಾಡ ಅಂದ್ರು.”

“ನಿಮ್ಮತ್ತಿ?”

“ನಕ್ಕಳು. ಹಗಲಿನ್ಯಾಗ ಎಲ್ಲಿಗಿ ಹೋಗಬೇಕ್ರಿ ಅಮ್ಮಾರ, ನಿಮ್ಮ ದವಾಖಾನಿಗಿ ಬರಬೇಕೇನು, ಅಂದ್ಳು. ಡಾಕ್ಟರಮ್ಮನೂ ನಕ್ಕರು.”

ಉಳಿದದ್ದನ್ನು ಬಸವಂತಮ್ಮ ದಿನಕ್ಕಿಷ್ಟು, ತಲೆ ಬಾಚುವಾಗ, ರೊಟ್ಟಿ ಬಡಿಯುವಾಗ, ಕೇಳಿ ಕೇಳಿ ತಿಳಿದುಕೊಂಡಳು. ಮಿಲ್ಲಿನ ಹಿಂದಿನ ಆ ಓಣಿಯಲ್ಲಿ ಯಾರ ಮನೆಯಲ್ಲೂ ಪಾಯಖಾನೆ ಇಲ್ಲ. ಹೆಂಗಸರು ಬೆಳಕು ಹರಿಯುವ ಮುಂಚೆ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ, ಜೊತೆ ಕೂಡಿಕೊಂಡು ರೈಲು ಹಳಿಯ ಕಡೆಗಿರುವ ಬೂದಿ ಗುಡ್ಡೆಯ ಹಿಂದೆ ಹೋಗುತ್ತಾರೆ. ಮಿಲ್ಲಿನಲ್ಲಿ ಹೊಟ್ಟು ಸುಟ್ಟ ಬೂದಿ ಅದು. ಪಕ್ಕದಲ್ಲೇ ಲಾರಿ ದಾರಿ. ಲಾರಿಯ ದೀಪ ಬಿದ್ದ ಕೂಡಲೇ ಎಲ್ಲರೂ ಎದ್ದು ನಿಲ್ಲಬೇಕು. ಮತ್ತೆ ಕೂಡಬೇಕು, ಮತ್ತೆ ಏಳಬೇಕು. ಹಳೆಯ ಹೆಂಗಸರು ಮಾತಾಡಿಕೊಂಡೇ ಮುಗಿಸಿ ಬರುತ್ತಿದ್ದರು. ಗುರುಶಾಂತಮ್ಮನಿಗೆ ಆಗಲಿಲ್ಲ. ಹಗಲು ಬಂದರೆ ಏನು ಗತಿ ಅಂತ ನೀರು ಬಿಟ್ಟಳು. ಉಣ್ಣುವುದು ಮೂರು ಹೊತ್ತೂ ಮಿಲ್ಲಿನ ಬಿಳಿ ಅನ್ನ, ನೀರು ಸಾರು. ಬಂದದ್ದನ್ನು ತಡೆದಳು, ತಡೆದಳು, ಆಮೇಲೆ ಅದು ಬರುವುದನ್ನೇ ಬಿಟ್ಟಿತು.

“ನೋಯ್ತದೇನಬೇ?”

“ಮೊದಲ ನೋಯ್ತಿತ್ತು. ಈಗ ಏನೂ ಅನಸಂಗಿಲ್ಲ.”

“ಬಂದಂಗರ ಅನಸ್ತದೇನು?”

“ಏನೂ ಅನಸಂಗಿಲ್ಲ ಯವ್ವಾ.”

ಮದುವೆಯ ಹೊತ್ತಿನಲ್ಲಿ ಬಸವಂತಮ್ಮ ಬಾವಿಕಟ್ಟೆಯ ಮೇಲೆ ನಿಂತು, ನನ್ನ ಮಗಳು ಅನ್ನದ ಮನಿಗಿ ಹೋದ್ಲು, ಇನ್ನ ಆಕಿಗಿ ರೊಟ್ಟಿ ಬಡಿಯೋ ಕಷ್ಟ ಇಲ್ಲ ಅಂದಿದ್ದಳು. ಅದು ನೆನಪಾಯಿತು. ನೆನಪಾದರೂ ಎದೆಯಲ್ಲಿ ಏನೂ ಕದಲಲಿಲ್ಲ. ಹಿಟ್ಟಿಗೆ ಕುದಿವ ನೀರು ಹಾಕಿ ನಾದತೊಡಗಿದಳು.

ಊರ ಹಿಂದೆ ಅವರ ಹೊಲದಲ್ಲಿ ಬಿಳಿಜೋಳ ಆಳೆತ್ತರ ನಿಂತಿತ್ತು, ತೆನೆಗೆ ಹಾಲು ತುಂಬುತ್ತಿತ್ತು. ಬಸವಂತಮ್ಮ ಮಗಳನ್ನು ಬೆಳಗ್ಗೆ ಎಬ್ಬಿಸಿ ಮೊದಲು ಬೆಚ್ಚನೆಯ ನೀರು ಕುಡಿಸುವಳು. ಬಿಸಿ ರೊಟ್ಟಿಗೆ ಪುಂಡಿಪಲ್ಯ. ಹೊಲದ ಸಾಲಿನಲ್ಲಿ ಹಕ್ಕರಕಿ ಸೊಪ್ಪು ಸಿಕ್ಕರೆ ಅದನ್ನು ಹಸಿಯಾಗೇ ಕಡಿಯಲು. ಮಧ್ಯಾಹ್ನಕ್ಕೆ ಮೊಳಕೆ ಹೆಸರು, ಮಜ್ಜಿಗೆ. ಮೊದಮೊದಲು ಅರ್ಧ ರೊಟ್ಟಿಯೂ ಇಳಿಯುತ್ತಿರಲಿಲ್ಲ. ಬಸವಂತಮ್ಮ ತುತ್ತು ಮಾಡಿ ಮುಂದೆ ಹಿಡಿದು ಕೂಡುವಳು, ತಿನ್ನು ಅನ್ನುತ್ತಿರಲಿಲ್ಲ.

ಉಂಡ ಮೇಲೆ ಚರಿಗೆಯಲ್ಲಿ ನೀರು ತುಂಬಿಕೊಂಡು ಇಬ್ಬರೂ ಹೊಲಕ್ಕೆ ಹೋಗುವರು. ಮಗಳು ಜೋಳದ ಒಳಗೆ. ತಾಯಿ ಬದುವಿನ ಮೇಲೆ, ಬೆನ್ನು ತಿರುಗಿಸಿಕೊಂಡು.

“ಕುಂದ್ರಬೇ ಆರಾಮ. ತಿಣಕಬ್ಯಾಡ. ಬಂದ್ರ ಬರಲಿ, ಬರಲಿಲ್ಲಂದ್ರ ಎದ್ದು ಬಾ. ಇಲ್ಲಿ ಯಾವ ಲಾರಿನೂ ಬರಂಗಿಲ್ಲ.”

ಕೂಸಾಗಿದ್ದಾಗ ಇವಳನ್ನು ಹೀಗೇ ಎರಡು ಪಾದಗಳ ನಡುವೆ ಕೂಡಿಸಿಕೊಂಡು ಬಸವಂತಮ್ಮ ಕಾಯುತ್ತಿದ್ದಳು. ಬಾಯಲ್ಲಿ ಸಣ್ಣಗೆ ಶ್‍ಶ್ ಅನ್ನುತ್ತ, ಎಷ್ಟು ಹೊತ್ತಾದರೂ. ಆಗ ಕೂಸಿಗೆ ಕಲಿಸಿದ್ದನ್ನು ಈಗ ಹದಿನೆಂಟರ ಹೆಣ್ಣಿಗೆ ಮತ್ತೆ ಕಲಿಸಬೇಕಾಗಿತ್ತು. ಮಗಳು ಹೆದರದಿರಲಿ ಅಂತ ಬಾಯಿಗೆ ಬಂದದ್ದು ಮಾತಾಡುವಳು. ವೆಂಕಮ್ಮನ ಮೇಕೆ ಮಠದ ಅಯ್ಯನವರ ಧೋತರ ತಿಂದದ್ದು, ಅಯ್ಯನವರು ಮೇಕೆಯ ಹಿಂದೆ ಓಡಿದ್ದು, ಧೋತರ ಅರ್ಧ ಮೇಕೆಯ ಬಾಯಲ್ಲಿ ಅರ್ಧ ಅಯ್ಯನವರ ಕೈಯಲ್ಲಿ ಉಳಿದದ್ದು.

“ಯವ್ವಾ, ನೀ ಸುಮ್ಮ ಕುಂದ್ರು ಸ್ವಲ್ಪ,” ಎಂಬ ದನಿ ಜೋಳದೊಳಗಿಂದ ಬರುವುದು.

ಮಗಳು ಹೋದ ಹಾಗೆಯೇ ಹೊರಗೆ ಬರುವಳು. ಚರಿಗೆಯ ನೀರು ತುಂಬಿದಂತೆಯೇ ಇರುವುದು. ಬಸವಂತಮ್ಮ ಆತೇನು ಅಂತ ಕೇಳುತ್ತಿರಲಿಲ್ಲ. ಆ ನೀರನ್ನು ಬದುವಿನ ಬೇವಿನ ಸಸಿಗೆ ಹಾಕಿ ಮನೆಗೆ ಬರುವರು. ಮರುದಿನ ಮತ್ತೆ. ಮಧ್ಯೆ ಕೆಲವು ಸಲ ಆಗುತ್ತಿತ್ತು, ಕಲ್ಲಿನಂಥದ್ದು, ರಕ್ತ ಕಾಣಿಸಿಕೊಂಡು. ಅವತ್ತು ಮಗಳು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುವಳು. ಬಸವಂತಮ್ಮ ಪಕ್ಕದಲ್ಲಿ ಕೂತು ಹೊಟ್ಟೆಗೆ ಹರಳೆಣ್ಣೆ ಹಚ್ಚಿ ಬಲದಿಂದ ಎಡಕ್ಕೆ ಮೆಲ್ಲಗೆ ನೀವುವಳು. ಅಲ್ಲೇ ಒಲೆಯ ಮೇಲೆ ಬೇಳೆ ಉಕ್ಕುವುದು, ಎದ್ದು ಹೋಗಿ ಇಳಿಸಿ ಬಂದು ಮತ್ತೆ ನೀವುವಳು. ಇದು ಗುಣವಾಗುತ್ತದೆ ಅಂತ ಆಕೆ ನಂಬಿದ್ದಳೆಂದು ಹೇಳಲಾಗದು. ನಂಬಲಿಲ್ಲ ಅಂತಲೂ ಅಲ್ಲ. ಕೆಲಸ ಇತ್ತು, ಮಾಡುತ್ತಿದ್ದಳು.

ಒಂದು ದಿನ ಜೋಳದೊಳಗಿಂದ ಮಗಳು ಹೊರಬಂದಾಗ ಚರಿಗೆ ಬರಿದಾಗಿತ್ತು. ಆಕೆ ಬದುವಿನ ಮೇಲೆ ತಾಯಿಯ ಪಕ್ಕ ಕೂತಳು. ಗಾಳಿಗೆ ಜೋಳದ ಗರಿ ಸರಸರ ಅನ್ನುತ್ತಿದ್ದವು.

“ಯವ್ವಾ.”

“ಏನಬೇ?”

“ಹಸಿವ್ಯಾಗ್ಯಾದ.”

ಬಸವಂತಮ್ಮ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. “ನಡಿ. ರೊಟ್ಟಿ ಅದಾವ,” ಎಂದಳು. ಅಷ್ಟೇ.

ಸುಗ್ಗಿ ಬಂತು. ಕೊಯ್ಲಿನವರು ಒಂದು ತುದಿಯಿಂದ ಜೋಳ ಕೊಯ್ಯುತ್ತ ಬಂದರು. ಹೊಲ ಬಯಲಾಗುತ್ತ ಬಂದ ಹಾಗೆ ಗುರುಶಾಂತಮ್ಮ ಇನ್ನೂ ಒಳಗೆ, ಇನ್ನೂ ಮೂಲೆಗೆ ಹೋಗಬೇಕಾಯಿತು. ಆಕೆಯ ಅಪ್ಪ ಮಲ್ಲಯ್ಯ ಇಷ್ಟು ದಿನ ಈ ವಿಷಯವಾಗಿ ಒಂದು ಮಾತು ಆಡಿದವನಲ್ಲ. ಆಳುಗಳು ಬೇವಿನ ಸಸಿಯ ಕಡೆಯ ಮೂಲೆಗೆ ಬಂದಾಗ ಅವನು, “ಈ ಮೂಲಿ ಕಡೀಕ ಕೊಯ್ಯೂಣು, ಇನ್ನಾ ಹಸಿ ಅದ,” ಎಂದ. ಜೋಳ ಹಸಿ ಇರಲಿಲ್ಲ. ತೆನೆ ಒಣಗಿ ಗುಬ್ಬಿ ಮುತ್ತುತ್ತಿದ್ದವು. ಕೊಯ್ದ ಹೊಲದ ನಡುವೆ ಆ ಒಂದು ಮೂಲೆ ಸುಮ್ಮನೆ ನಿಂತೇ ಇತ್ತು. ಗುಬ್ಬಿ ಎಷ್ಟು ತಿಂದವೋ ತಿಂದವು. ಮಲ್ಲಯ್ಯ ಅತ್ತ ಕಡೆ ಹೋಗುವುದಿದ್ದರೆ ದೂರದಿಂದಲೇ ಕೆಮ್ಮುವನು.

ರಾಯಚೂರಿನಿಂದ ಹೇಳಿ ಕಳಿಸಿದರು. ಆ ಮೂಲೆಯನ್ನು ಕೊಯ್ದ ಮರುದಿನ ಬಸವಂತಮ್ಮ ಮಗಳ ಜೊತೆ ಬಸ್ಸು ಹತ್ತಿದಳು. ಮಡಿಲಲ್ಲಿ ಹೊಸ ಜೋಳದ ಹಿಟ್ಟಿನ ಗಂಟು, ಒಣಗಿಸಿದ ಪುಂಡಿಪಲ್ಯ. ಮಗಳ ಹೊಟ್ಟೆ ಇಳಿದಿತ್ತು, ಮುಖಕ್ಕೆ ಕಳೆ ಬಂದಿತ್ತು. ಆದರೆ ಮಾನ್ವಿ ದಾಟಿದ ಮೇಲೆ ಆಕೆ ನೀರಿನ ಬಾಟಲಿ ಮುಟ್ಟಲಿಲ್ಲ. ಬಸವಂತಮ್ಮ ಬಾಟಲಿ ಮುಂದೆ ಹಿಡಿದರೆ, “ಬ್ಯಾಡ ಯವ್ವಾ. ಅಲ್ಲಿಗಿ ಹೊಂಟೀವಿ,” ಎಂದಳು.

ಶಿವಬಸಮ್ಮ ಸೊಸೆಯನ್ನು ಬಾಗಿಲಲ್ಲೇ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದಳು. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ.

“ಹೊಟ್ಟಿ ಇಳದದ. ಚಲೋ ಆತು ಬಿಡು. ಇನ್ನೊಮ್ಮೆ ಹಸರು ಬಳಿ ತೊಡಸೂ ಮುಂದ ಡಾಕ್ಟರಮ್ಮನ್ನ ಕೇಳೇ ತೊಡಸ್ತೀನಿ,” ಎಂದಳು. ನಗೆಯೋ ಕೊಂಕೋ ಗೊತ್ತಾಗಲಿಲ್ಲ.

ಸಂಜೆ ಒಲೆಯ ಮುಂದೆ ಬಸವಂತಮ್ಮ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ತೆಗೆದಳು.

“ಅಕ್ಕಾ, ಸಿಟ್ಟಾಗಬ್ಯಾಡ್ರಿ. ಹಿತ್ತಲದಾಗ ಒಂದು ಗುಂಡಿ ತೋಡಿ, ಸುತ್ತ ತಟ್ಟಿ ನಿಂದ್ರಿಸಿದ್ರ… ನಮ್ಮವ್ರು ಬಂದು ಮಾಡಿ ಕೊಡ್ತಾರ.”

“ಎಲ್ಲಿ ಮಾಡ್ತಾರ, ತೋರಸ್ರಿ ನೀವ. ಹಿತ್ತಲ ನಾಕು ಮೊಳ ಅದ. ಅತ್ತಾಗ ಒಲಿ, ಇತ್ತಾಗ ದೇವರ ಜಗಲಿ. ಲಿಂಗಪೂಜಿ ಮಾಡೋ ಮನಿ ಬೀಗತಿ ಇದು. ಜಗಲಿ ಗ್ವಾಡಿಗಿ ಹಚ್ಚಿ ಅದನ್ನ ಕಟ್ಟಿ, ನಾ ಯಾವ ಕೈಲೆ ಇಭೂತಿ ಹಚ್ಚಿಕೊಳ್ಳಲಿ?”

ತನ್ನ ಮನೆಯಲ್ಲಿ ಯಾರಾದರೂ ಕೇಳಿದ್ದರೆ ಬಸವಂತಮ್ಮನೂ ಇದನ್ನೇ ಹೇಳುತ್ತಿದ್ದಳು. ಕೈಯಲ್ಲಿದ್ದ ಕಟ್ಟಿಗೆಯನ್ನು ಒಲೆಗೆ ತುರುಕಿದಳು.

ಊಟವಾದ ಮೇಲೆ ಪಕ್ಕದ ಮನೆಯ ಅಮೀರ್ ಬೀ ಮೊಸರಿಗೆ ಹೆಪ್ಪು ಕೇಳಲು ಬಂದು ಬಾಗಿಲಲ್ಲೇ ಕೂತಳು. ಶಿವಬಸಮ್ಮ ಗೂಡಿನಿಂದ ಒಂದು ಹಳೆಯ ಬೋರ್ನ್‌ವೀಟಾ ಡಬ್ಬಿ ತೆಗೆದು, ಒಂದು ಚಮಚ ಕಂದು ಪುಡಿಯನ್ನು ಬಿಸಿ ನೀರಿಗೆ ಕಲಸಿ, ಮುಖ ಹಿಂಡಿಕೊಂಡು ಕುಡಿದಳು.

“ಏನ್ರಿ ಅದು?” ಬಸವಂತಮ್ಮ ಕೇಳಿದಳು.

“ದೇವದುರ್ಗದ ಪುಡಿ. ನಮ್ಮ ತವರಮನಿ ಕಡಿ ಒಬ್ರು ಅಳಲೆಕಾಯಿ ಕುಟ್ಟಿ ಮಾಡ್ತಾರ. ಇದು ಇಲ್ಲಂದ್ರ ನನಗ ಆಗಂಗೇ ಇಲ್ಲ.”

“ಭಾಳ ದಿನಾತೇನ್ರಿ?”

“ಈ ಮನಿಗಿ ಸೊಸಿಯಾಗಿ ಬಂದಾಗಿಂದ.”

“ನಂದು ಸೋನಾಮುಖಿ,” ಎಂದಳು ಅಮೀರ್ ಬೀ ಬಾಗಿಲಿಂದ. “ಈ ಓಣ್ಯಾಗ ಡಬ್ಬಿ ಇಲ್ಲದ ಮನಿ ಯಾವುದದ ತೋರಸ್ರಿ ನೋಡೂಣು. ಗಂಡಸ್ರಿಗಿ ಬೀಡಿ, ನಮಗ ಡಬ್ಬಿ. ನಮ್ಮವರು ಕೇಳ್ತಾರ, ನಿನ್ನ ಹೊಟ್ಟ್ಯಾಗ ಏನು ನಿಜಾಮನ ಖಜಾನಿ ಅದ ಏನು, ಬಿಟ್ಟು ಕೊಡಂಗಿಲ್ಲಲ್ಲ ಅಂತ.”

ಶಿವಬಸಮ್ಮ ನಕ್ಕಳು. ಗುರುಶಾಂತಮ್ಮ ಮೂಲೆಯಲ್ಲಿ ತಟ್ಟೆ ಒರೆಸುತ್ತಿದ್ದವಳು ತಲೆ ಎತ್ತಿ ಅತ್ತೆಯನ್ನು ನೋಡಿದಳು.

“ಸೊಸಿಯಾಗಿ ಬರೂಕ ಮೊದಲ?” ಬಸವಂತಮ್ಮ ಕೇಳಿದಳು. “ದೇವದುರ್ಗದಾಗ ಇದ್ದಾಗ?”

“ಅಲ್ಲಿ ಯಾಕ ಬೇಕು? ಅಲ್ಲಿ ಹಳ್ಳ ಇತ್ತು, ಜಾಲಿಕಂಟಿ ಇದ್ವು. ಯಾವಾಗ ಬೇಕು ಆವಾಗ…”

ಶಿವಬಸಮ್ಮ ಡಬ್ಬಿಯ ಮುಚ್ಚಳವನ್ನು ಒತ್ತಿದಳು. ಅದು ಕೂಡಲಿಲ್ಲ. ಮತ್ತೊಮ್ಮೆ ಒತ್ತಿ ಗೂಡಿನಲ್ಲಿಟ್ಟಳು. “ಹೆಂಗಸರ ಹೊಟ್ಟಿನೇ ಹಂಗ ಅಂತ ತಿಳಕೊಂಡಿದ್ದೆ ನಾ,” ಎಂದು ಗೂಡಿಗೆ ಹೇಳಿದಂತೆ ಹೇಳಿ, ಹೆಪ್ಪು ತರಲು ಒಳಗೆ ಹೋದಳು.

ಮರುದಿನ ಬಸವಂತಮ್ಮ ಮಧ್ಯಾಹ್ನದ ಬಸ್ಸಿಗೆ ಹೊರಡುವವಳು. ಬೆಳಗಿನ ಜಾವ ಗುರುಶಾಂತಮ್ಮ ಓಣಿಯ ಹೆಂಗಸರ ಜೊತೆ ಬೂದಿ ಗುಡ್ಡೆಗೆ ಹೋಗಿ ಹಾಗೇ ಬಂದಿದ್ದಳು. ಲಾರಿ ಸಾಲು ಹಿಡಿದಿದ್ದವಂತೆ. ಬಂದು ಮುಖ ತೊಳೆದು ರೊಟ್ಟಿ ಬಡಿದಳು. ತಾಯಿ ಕಣ್ಣಲ್ಲೇ ಹೇಳಿದ್ದಕ್ಕೆ ನೀರು ಕುಡಿದಳು. ಎಲ್ಲರೂ ಉಂಡರು. ಶಿವಬಸಮ್ಮನೂ ಅನ್ನ ಬಿಟ್ಟು ಒಂದು ರೊಟ್ಟಿ ಮುರಿದಳು.

ತಟ್ಟೆ ತೊಳೆಯುತ್ತಿದ್ದ ಗುರುಶಾಂತಮ್ಮನ ಕೈ ನಿಂತಿತು.

“ಅತ್ತೀ.”

“ಏನು?”

“ಬಂದದ.”

ಶಿವಬಸಮ್ಮ ಹೊರಗೆ ನೋಡಿದಳು. ಎದುರು ಮನೆಯ ತಗಡಿನ ಮೇಲೆ ಬಿಸಿಲು ಉರಿಯುತ್ತಿತ್ತು. ಮಿಲ್ಲಿನ ಯಂತ್ರ ಗುಡುಗುಡು ಅನ್ನುತ್ತಿತ್ತು.

“ಹೊತ್ತು ಮುಣಗಲಿ,” ಎಂದಿತು ಆಕೆಯ ಬಾಯಿ, ಎಷ್ಟೋ ವರ್ಷಗಳಿಂದ ತನಗೆ ತಾನೇ ಹೇಳಿಕೊಂಡು ಬಂದದ್ದನ್ನು.

ಗುರುಶಾಂತಮ್ಮ ತಟ್ಟೆ ಕೆಳಗಿಟ್ಟು, ತೊಡೆ ಬಿಗಿದುಕೊಂಡು ನಿಂತಳು. ಮುಖದ ಮೇಲಿಂದ ಬೆಳಕು ಮೆಲ್ಲಗೆ ಹಿಂದೆ ಸರಿಯತೊಡಗಿತು. ಅವತ್ತು ಬಸ್ಸಿನಿಂದ ಇಳಿದಾಗ ಇದ್ದ ಮುಖ ಅಲ್ಲೇ ಒಳಗೆ ಕಾದು ಕೂತಿತ್ತು, ಈಗ ಹೊರಗೆ ಬರುತ್ತಿತ್ತು. ಬಸವಂತಮ್ಮ ಅದನ್ನು ನೋಡಿದಳು. ಬದುವಿನ ಮೇಲೆ ಕಾದ ದಿನಗಳೆಲ್ಲ ಈ ಒಂದು ಗಳಿಗೆಯಲ್ಲಿ ಹೋಗುವವಿದ್ದವು. ಮನೆ ಆಕೆಯದಲ್ಲ, ಸೊಸೆ ಆಕೆಯವಳಲ್ಲ. ಊರಿಗೆ ಒಯ್ಯುವ ಬರಿ ಗಂಟಿನ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಶಿವಬಸಮ್ಮನೂ ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಹೋಗಿ ಚರಿಗೆಯನ್ನು ಹಂಡೆಯಲ್ಲಿ ಅದ್ದಿದಳು. ಹಗ್ಗದ ಮೇಲಿನ ಕೌದಿ ಎಳೆದು ಹೆಗಲಿಗೆ ಹಾಕಿಕೊಂಡಳು.

“ನಡಿ,” ಎಂದಳು. ಬಸವಂತಮ್ಮನ ಕಡೆ ತಿರುಗಿ, “ನೀವೂ ಬರ್ರಿ ಬೀಗತಿ. ಕೌದಿ ಹಿಡಿಯೂಕ ಇಬ್ಬರು ಬೇಕು.”

ಮೂವರೂ ನಡು ಓಣಿಯಲ್ಲಿ, ನಡು ಬಿಸಿಲಲ್ಲಿ ನಡೆದರು. ಮುಂದೆ ಚರಿಗೆ ಹಿಡಿದ ಶಿವಬಸಮ್ಮ. ಚರಿಗೆಯನ್ನು ಸೆರಗಿನಲ್ಲಿ ಮುಚ್ಚಿರಲಿಲ್ಲ. ಚಹಾದಂಗಡಿಯ ಮುಂದೆ ಕೂತಿದ್ದ ಗಂಡಸರು ತಿರುಗಿ ನೋಡಿದರು.

“ಏನ್ ಶಿವಬಸಮ್ಮಾರ, ಹಗಲ ಹೊತ್ತಿನ್ಯಾಗ?” ಎಂದ ಹಮಾಲಿ ಸೂಗಪ್ಪ.

“ಯಾಕ ಸೂಗಪ್ಪ, ನೀ ಹಗಲ ಹೊತ್ತಿನ್ಯಾಗ ಹೋಗಂಗಿಲ್ಲೇನು?”

ಸೂಗಪ್ಪ ಮುಖವನ್ನು ಚಹಾದ ಬಸಿಯೊಳಗೆ ಇಳಿಸಿದ. ಹಿಂದೆ ಯಾರೋ ಕಿಸಕ್ಕೆಂದರು, ಸೂಗಪ್ಪನನ್ನು ನೋಡಿಯೇ ಇರಬೇಕು.

ಮಿಲ್ಲಿನ ಬಾಗಿಲಲ್ಲಿ ಹಂಪಣ್ಣ ತಕ್ಕಡಿಯ ಪಕ್ಕ ನಿಂತಿದ್ದ. ತಾಯಿ, ಹೆಂಡತಿ, ಅತ್ತೆ ಸಾಲಾಗಿ ಬರುವುದನ್ನು ಕಂಡು ಗಾಬರಿಯಾದ.

“ಅವ್ವಾ, ಎಲ್ಲಿಗಿ?”

“ಬಯಲಕಡಿ. ನೀ ತಕ್ಕಡಿ ನೋಡು.”

ಹಂಪಣ್ಣ ತಕ್ಕಡಿ ನೋಡಿದ. ಆಮೇಲೆ ಏನೋ ನೆನಪಾದವನ ಹಾಗೆ ಬೂದಿ ಗುಡ್ಡೆಯ ಕಡೆ ಹೊರಟಿದ್ದ ಇಬ್ಬರು ಹಮಾಲಿಗಳನ್ನು ಕೂಗಿ, ಚೀಲ ಈ ಕಡೆ ಇಳಸ್ರಿ ಅಂದ.

ಗುಡ್ಡೆಯ ಹಿಂದೆ ಬೂದಿ ಬಿಸಿಲಿಗೆ ಕಾದಿತ್ತು. ಶಿವಬಸಮ್ಮ ಕೌದಿಯ ಒಂದು ತುದಿ ಹಿಡಿದಳು, ಬಸವಂತಮ್ಮ ಇನ್ನೊಂದು ತುದಿ. ಇಬ್ಬರೂ ಹೊರಗೆ ಮುಖ ಮಾಡಿ ನಿಂತರು. ಗುರುಶಾಂತಮ್ಮ ನಡುವೆ ಕೂತಳು. ಹಳೆಯ ಸೀರೆಗಳನ್ನು ಪದರ ಹಾಕಿ ಹೊಲಿದ ಕೌದಿ, ಭಾರವಿತ್ತು.

ಲಾರಿಯೊಂದು ತಿರುವಿನಲ್ಲಿ ಹಾರನ್ ಹಾಕಿತು. ಕೌದಿಯ ಹಿಂದೆ ಬಳೆಯ ಸದ್ದಾಯಿತು, ಮಗಳ ತಲೆ ಮೇಲಕ್ಕೆ ಏಳುತ್ತಿತ್ತು.

“ಏಳಬ್ಯಾಡ,” ಎಂದಳು ಶಿವಬಸಮ್ಮ ಹಿಂದೆ ನೋಡದೆ. “ನಾವು ನಿಂತೀವಿ. ನೀ ಕುಂದ್ರು.”

ತಲೆ ಕೆಳಗಿಳಿಯಿತು. ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಶಿವಬಸಮ್ಮ ರೈಲು ಹಳಿಯನ್ನು ನೋಡುತ್ತ ನಿಂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಕಾಲಿನ ಭಾರ ಇನ್ನೊಂದು ಕಾಲಿಗೆ ಹಾಕಿ, ದನಿ ತಗ್ಗಿಸಿ ಹೇಳಿದಳು.

“ಅವಸರ ಏನಿಲ್ಲ. ನಿಂದು ಮುಗದ ಮ್ಯಾಲ ಬಂದು ಈ ತುದಿ ಹಿಡಿ. ಚರಿಗ್ಯಾಗ ನನಗೂ ಸ್ವಲ್ಪ ನೀರು ಉಳಸು.”

ಬಸವಂತಮ್ಮನ ಕೈ ಆಗಲೇ ಜೋಮು ಹಿಡಿದಿತ್ತು. ಬಸ್ಸಿನ ಹೊತ್ತು ಮೀರುತ್ತಿತ್ತು. ಆಕೆ ಕೌದಿಯ ತುದಿಯನ್ನು ಇನ್ನೊಂದಿಷ್ಟು ಮೇಲಕ್ಕೆ ಎತ್ತಿ ಹಿಡಿದಳು.